ಹಳದಿ ಬಳಿದ ಕೋಣೆ

ನಮ್ಮನೆಯವರು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುತ್ತಾರೆ. ಗಿರಾಕಿ ಹಳೇ ಗೋಡೆಯ ಚಕ್ಕೆ ತಂದುಕೊಟ್ಟರೆ ಸಾಕು, ಅದೇ ಬಣ್ಣ ಡಬ್ಬಿಗಿಳಿಯುತ್ತದೆ. ಅವರ ಅಂಗಿಗೂ ಪ್ಯಾಂಟಿಗೂ ಮಾತ್ರ ಇವತ್ತಿನವರೆಗೆ ಬಣ್ಣ ಹೊಂದಿದ್ದಿಲ್ಲ.

ಪುಟ್ಟಿ ಹುಟ್ಟುವ ಮುಂಚೆ ಕೋಣೆಗೆ ತಾವೇ ಹಳದಿ ಬಳಿದರು. ಹುಟ್ಟಿದ ಮಗುವಿಗೆ ಕಾಮಾಲೆ ಇತ್ತು. ಎಷ್ಟೋ ಮಕ್ಕಳಿಗೆ ಬಂದು ತಾನಾಗಿಯೇ ಹೋಗುತ್ತದೆ ಎಂದು ಹೆರಿಗೆ ಆಸ್ಪತ್ರೆಯಲ್ಲಿ ಹೇಳಿದರು, ಕಾದೆವು. ತಿಂಗಳು ತುಂಬಿತು.

"ರೀ, ಇವಳ ಕಣ್ಣು ಇನ್ನೂ ಹಳದಿಯಾಗೇ ಇದೆ."

"ಗೋಡೆ ಬಣ್ಣ ಮುಖಕ್ಕೆ ಹೊಡೀತಿದೆ ಕಣೇ. ಗಿರಾಕಿಗಳಿಗೆ ದಿನಾ ಇದೇ ಹೇಳಿ ಸಾಕಾಗಿದೆ, ನಿನಗೂ ಹೇಳ್ಬೇಕಾ?"

ಮಗುವಿನ ಬಟ್ಟೆ ಒಗೆಯುತ್ತಿದ್ದ ಅತ್ತೆ ತಲೆಯೆತ್ತಿದರು. "ಕಕ್ಕ ಸುಣ್ಣದ ಥರ ಬೆಳ್ಳಗಿದೆಯಲ್ಲೋ. ನಿನ್ನ ಗೋಡೆ ಹೊಟ್ಟೆಯೊಳಕ್ಕೂ ಹೊಡೆಯುತ್ತೇನು?"

ಇವರು ಪುಟ್ಟಿಯನ್ನೆತ್ತಿಕೊಂಡು ಬಾಗಿಲಾಚೆ ಹೋದರು. ಅಂಗಡಿಯಲ್ಲೂ ಅಷ್ಟೇ, ಕೊನೆಗೆ ಹೊರಗಿನ ಬೆಳಕಲ್ಲಿ ಹಿಡಿದು ನೋಡದೆ ಯಾವ ಡಬ್ಬಿಯನ್ನೂ ಕೊಡುವುದಿಲ್ಲ. ಒಳಗೆ ಬಂದು, "ಹೊರಡು, ಆಸ್ಪತ್ರೆಗೆ" ಎಂದರು.

ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮುಗಿಸಿ ಕೂರಿಸಿ ಹೇಳಿದರು: "ಲಿವರಿನಿಂದ ಪಿತ್ತ ಇಳಿಯೋ ನಾಳ ಮುಚ್ಚಿಹೋಗಿದೆ. ಪಿತ್ತ ಅಲ್ಲೇ ನಿಂತು ಲಿವರ್ ಕೆಡ್ತಿದೆ. ಕರುಳಿನ ತುಂಡನ್ನೇ ಲಿವರಿಗೆ ಜೋಡಿಸಿ ದಾರಿ ಮಾಡ್ತೀವಿ. ಆಮೇಲೆ ಕಕ್ಕಕ್ಕೆ ಬಣ್ಣ ಬಂದರೆ ಪಿತ್ತ ಇಳೀತಿದೆ ಅಂತ. ಬರದೇ ಇದ್ದರೆ ಬೇಗ ಬೇರೆ ಲಿವರೇ ಹಾಕಬೇಕಾಗುತ್ತೆ."

ಆಪರೇಷನ್ ಆಯಿತು. ಪುಟ್ಟಿ ಮತ್ತೆ ಹಾಲು ಕುಡಿಯತೊಡಗಿದ ಮೇಲೆ, ಬಿಚ್ಚಿದ ಒಂದೊಂದು ಬಟ್ಟೆಯನ್ನೂ ಇವರು ಕಿಟಕಿಗೆ ಒಯ್ಯುತ್ತಿದ್ದರು.

"ಏನಣ್ಣಾ, ಅಂಗಡಿಗೆ ಸ್ಯಾಂಪಲ್ಲಾ?" ಎಂದು ನರ್ಸಮ್ಮ ಕಾಲೆಳೆದರು.

"ಈ ಬಣ್ಣ ಯಾರಿಗೂ ಬೇಡಮ್ಮ" ಎಂದರು. ಬಿಳಿಯೇ ಇತ್ತು. ಮರುದಿನವೂ.

ಒಂದು ಬೆಳಿಗ್ಗೆ ಕಿಟಕಿಯ ಹತ್ತಿರವೇ ನಿಂತುಬಿಟ್ಟರು.

"ಏನ್ರೀ?"

"ನೀನೇ ಬಂದು ನೋಡು. ನನ್ನ ಕಣ್ಣನ್ನ ನಾನೀಗ ನಂಬಲ್ಲ."

ನೋಡಿದೆ. "ಹಸಿರು" ಎಂದೆ.

"ಬರೀ ಹಸಿರಾ? ಕಂದು ಇದೆ, ಚೂರು ಸಾಸಿವೆ ಬಣ್ಣ..." ಬಟ್ಟೆಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದರು.

ಲಿವರ್ ಪೂರ್ತಿ ಸರಿಹೋಯಿತು ಎಂದು ಡಾಕ್ಟರಮ್ಮ ಹೇಳಿಲ್ಲ, ತೋರಿಸುತ್ತಲೇ ಇರಬೇಕು. ನಾವು ಮನೆಗೆ ಬರುವಷ್ಟರಲ್ಲಿ ಇವರು ಕೋಣೆಗೆ ಬಿಳಿ ಬಳಿದಿದ್ದರು.

"ಬಣ್ಣದವನ ಮನೆಗೆ ಬರೀ ಬಿಳಿಯೇನೋ?" ಎಂದರು ಅತ್ತೆ.

"ಇರಲಿ ಬಿಡಮ್ಮ. ಹಳದಿ ಮತ್ತೆ ಬಂದರೆ ಬಚ್ಚಿಟ್ಟುಕೊಳ್ಳೋಕೆ ಜಾಗ ಇರಬಾರದು."