ಮೊಳೆ ಬಾಯಿಗೆ ಹೋಗುವ ಮುನ್ನ

ಮೊಳೆಗಳು ಯಾವಾಗಲೂ ಅವರ ತುಟಿಯ ಎಡಮೂಲೆಯಲ್ಲಿ ಇರುತ್ತಿದ್ದವು. ಬಗ್ಗಿ, ಕುದುರೆಯ ಕಾಲನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಒಂದೊಂದೇ ಮೊಳೆಯನ್ನು ಬಾಯಿಂದ ತೆಗೆದು ಗೊರಸಿಗೆ ಹೊಡೆಯುತ್ತಿದ್ದರು. ಎಷ್ಟೋ ವರ್ಷ ಕಬ್ಬಿಣ ಕಚ್ಚಿ ಕಚ್ಚಿ ಬಾಯಿಯ ಆ ಮೂಲೆ ಸ್ವಲ್ಪ ಕೆಳಗಿಳಿದಿತ್ತು. ನಕ್ಕರೆ ಅರ್ಧ ಬಾಯಿ ಮಾತ್ರ ನಗುತ್ತಿತ್ತು. ಅವರನ್ನು ನೋಡಿದಾಗಲೆಲ್ಲ ನನ್ನಂಥ ಅಂಜುಬುರುಕನಿಗೆ ಒಂದೇ ಚಿಂತೆ: ಇವರು ಈಗ ಸೀನಿದರೆ ಗತಿ ಏನು?

ಪುಸ್ತಕದಲ್ಲಿ ಲಾಳ ಎಂದು ಬರೆಯುವುದನ್ನು ನಮ್ಮ ಕಡೆ ನಾಲ ಎನ್ನುತ್ತಾರೆ. ಹಾಗಾಗಿ ಅವರು ಎಲ್ಲರಿಗೂ ನಾಲಿನ ಕಾಕಾ. ಮನೆ ಸಿಂದಗಿಯಲ್ಲಿ. ಕೆಲಸ ಮಾತ್ರ ಇಂಡಿ, ಹೊರ್ತಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಹರಡಿಕೊಂಡಿತ್ತು. ಸುತ್ತಿಗೆ, ನಾಲು, ಮೊಳೆಗಳ ಭಾರದ ಚೀಲವನ್ನು ಬಸ್ಸಿನ ಸೀಟಿನ ಕೆಳಗೆ ತಳ್ಳಿ, ಅದರ ಮೇಲೆ ಕಾಲಿಟ್ಟುಕೊಂಡು ಕೂರುತ್ತಿದ್ದರು. ಕಂಡಕ್ಟರ್ ಕೇಳುವ ಮೊದಲೇ ಲಗೇಜಿನ ಟಿಕೀಟು ಕೇಳಿ ಪಡೆಯುತ್ತಿದ್ದರು. ಹಾಗೆ ಕೇಳಿ ಪಡೆಯುವವರನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ನಾನು ಇಂಡಿಯಲ್ಲಿ ಮದುವೆಯ ಮೆರವಣಿಗೆಗೆ ಕುದುರೆ ಕೊಡುವವನು. ಅಪ್ಪನಿಗೆ ಟಾಂಗಾ ಇತ್ತು. ಆಟೋಗಳು ಬಂದ ಮೇಲೆ ಟಾಂಗಾ ಹೋಯಿತು, ಕುದುರೆ ಸಾಕುವ ಚಟ ಉಳಿಯಿತು. ನನ್ನ ಬಳಿ ಇರುವುದು ಒಂದು ಬಿಳಿ ಹೆಣ್ಣು ಕುದುರೆ, ಮತ್ತು ಬೇಕಾದಷ್ಟು ಚಿಂತೆ. ವರ ದಪ್ಪಗಿದ್ದರೆ? ಡಿಜೆ ಸದ್ದಿಗೆ ಕುದುರೆ ಬೆದರಿದರೆ? ಬೆದರಿ ಓಡಿದರೆ ವರನನ್ನು ಯಾವ ಊರಲ್ಲಿ ಹುಡುಕುವುದು? ಇವೆಲ್ಲಕ್ಕಿಂತ ದೊಡ್ಡ ಅಂಜಿಕೆ ಬಾಡಿಗೆ ಹೇಳುವುದು. "ಎಷ್ಟ ತಗೋತೀರಿ?" ಎಂದು ಬೀಗರ ಪೈಕಿ ಯಾರಾದರೂ ಕೇಳಿದರೆ "ತಿಳದ ಕೊಡ್ರಿ" ಎನ್ನುತ್ತಿದ್ದೆ. ಅವರು ಒಂದು ತಿಳಿದುಕೊಳ್ಳುತ್ತಿದ್ದರು, ನಾನು ಒಂದು ತಿಳಿದುಕೊಂಡಿರುತ್ತಿದ್ದೆ. ಮನೆಗೆ ಬಂದು ಹೆಂಡತಿಯ ಮುಂದೆ ಗೊಣಗುತ್ತಿದ್ದೆ.

ಕಾಕಾನಿಗೆ ಈ ಮಾತು ಕೇಳಿದರೆ ಆಗುತ್ತಿರಲಿಲ್ಲ. "ತಿಳದ ಕೊಡ್ರಿ ಅಂದ್ರ ಏನೋ ತಮ್ಮಾ? ಕುದುರಿ ಬಗ್ಗೆ ಅವರಿಗೇನ ತಿಳದೈತಿ? ನಿನಗ ತಿಳದಿದ್ದು ನೀ ಹೇಳವಲ್ಲಿ, ಅವರಿಗೆ ತಿಳೀಲಾರದ್ದು ಅವರ ಕಡೆಯಿಂದ ಹೇಳಸ್ತಿ."

ಅವರದು ಒಂದೇ ಪದ್ಧತಿ. ಮೊದಲು ಕುದುರೆಯನ್ನು ನಡೆಸಬೇಕು. ಡಾಂಬರು ರಸ್ತೆಯ ಮೇಲೆ ಒಮ್ಮೆ, ಮಣ್ಣಿನ ಮೇಲೆ ಒಮ್ಮೆ. ಅವರು ಕುಕ್ಕುರುಗಾಲಲ್ಲಿ ಕುಳಿತು ಅದರ ಸದ್ದು ಕೇಳುತ್ತಿದ್ದರು. ಹಳೆಯ ನಾಲಿನಲ್ಲಿ ಕಬ್ಬಿಣ ಇನ್ನೂ ಇದ್ದರೆ, "ಇದ ನಡೀತೈತಿ, ಮೊಳಿ ಬದಲ ಮಾಡ್ತೇನಿ" ಎಂದು ತಾವೇ ಹೇಳುತ್ತಿದ್ದರು. ಕುರಿ ಹಿಂಡಿನ ಜೊತೆ ಸಾಮಾನು ಹೊತ್ತು ಹೋಗುವ ಸಣ್ಣ ಕುದುರೆ ತಂದವರಿಗೆ, "ಹೊಲದಾಗ ನಡಿಯೂದಕ್ಕ ನಾಲ ಯಾಕ್ರಿ?" ಎಂದು ಗೊರಸನ್ನಷ್ಟೇ ಕೆತ್ತಿ ಕಳಿಸುತ್ತಿದ್ದರು. ನಂತರ ಎದ್ದು ನಿಂತು, ಸುತ್ತ ನಿಂತವರಿಗೆಲ್ಲ ಕೇಳುವಂತೆ ಬೆಲೆ ಹೇಳುತ್ತಿದ್ದರು. ಕಬ್ಬಿಣಕ್ಕ ಇಷ್ಟು, ಮೊಳಿಗಿ ಇಷ್ಟು, ನನ್ನ ನಡಕ್ಕ ಇಷ್ಟು. ನಡ ಎಂದರೆ ಅವರ ಸೊಂಟ. ಬಗ್ಗುವುದು ಅದೇ ಅಲ್ಲವೇ. ಒದೆಯುವ ಕುದುರೆಗೆ ಮೇಲೊಂದು ನೂರು. ಒದೆಯದಿದ್ದರೆ ಆ ನೂರು ವಾಪಸ್. ಒಪ್ಪಿದರೆ ಮೊಳೆ ಬಾಯಿಗೆ ಹೋಗುತ್ತಿತ್ತು. ಆಮೇಲೆ ಚೌಕಾಶಿ ಇಲ್ಲ. "ಕಾಲ ನನ್ನ ಕೈಯಾಗ ಇದ್ದಾಗ ರೇಟಿನ ಮಾತ ಬ್ಯಾಡ್ರಿ. ನಿಮಗ ಸಿಟ್ಟ ಬಂದ್ರ ಕುದುರಿಗಿ ಗೊತ್ತಾಗತೈತಿ, ಅದು ಒದಿಯೂದು ನನಗ."

ಫೋನಿನಲ್ಲಿ ಬೆಲೆ ಹೇಳುತ್ತಿರಲಿಲ್ಲ. ಬಾಗೇವಾಡಿಯ ಒಬ್ಬರು ಕುದುರೆ ನಡೆಯುವ ವಿಡಿಯೋ ಕಳಿಸಿದ್ದರು. ಕಾಕಾ ಅದನ್ನು ಎರಡು ಸಲ ನೋಡಿ, "ಇದರಾಗ ನಿಮ್ಮ ಕೈ ನಡಗೂದು ಕಾಣಾಕತ್ತೈತಿ, ಕುದುರಿ ನಡಿಗಿ ಕಾಣವಲ್ದು" ಎಂದು ಫೋನ್ ಇಟ್ಟುಬಿಟ್ಟರು. ಬೆಲೆ ಏರಿಸಬೇಕಾದರೆ ಮೊದಲ ತಿರುಗಾಟದಲ್ಲಿ ಎಲ್ಲ ಊರಲ್ಲೂ ಹೇಳಿ ಬಂದು, ಮುಂದಿನ ತಿರುಗಾಟದಲ್ಲಿ ಏರಿಸುತ್ತಿದ್ದರು.

ನನ್ನ ಕುದುರೆಗೆ ಈ ಪದ್ಧತಿ ನನಗಿಂತ ಚೆನ್ನಾಗಿ ರೂಢಿಯಾಗಿತ್ತು. ಕಾಕಾ ಗಟ್ಟಿಯಾಗಿ ಬೆಲೆ ಹೇಳಿ ಮುಗಿಸಿದ ಕೂಡಲೇ, ಯಾರೂ ಮುಟ್ಟದಿದ್ದರೂ, ಮುಂಗಾಲು ಎತ್ತುತ್ತಿತ್ತು. "ನೋಡು, ನಿನ್ನ ಕುದುರಿಗಿ ರೇಟ ಗೊತ್ತೈತಿ. ನಿನಗಷ್ಟ ಗೊತ್ತಿಲ್ಲ" ಎಂದು ಅವರು ಅರ್ಧ ಬಾಯಲ್ಲಿ ನಗುತ್ತಿದ್ದರು.

ಅವರ ಈ ಹಟ ದನದ ಸಂತೆಯಲ್ಲಿ ಹೆಚ್ಚು ಎದ್ದು ಕಾಣುತ್ತಿತ್ತು. ಅಲ್ಲಿ ದಲಾಲರು ಮಾತಿನಲ್ಲಿ ಬೆಲೆ ಹೇಳುವುದಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ಎರಡರ ಮೇಲೂ ಟವೆಲ್ ಮುಚ್ಚಿ ಒಳಗೇ ಬೆರಳು ಹಿಡಿದು ವ್ಯವಹಾರ ಮುಗಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುವುದಿಲ್ಲ. ಅಂಥ ಕಡೆ ನೀರಿನ ತೊಟ್ಟಿಯ ಬಳಿ ನಿಂತು ಕೂಗಿ ಬೆಲೆ ಹೇಳುವವರು ಕಾಕಾ ಒಬ್ಬರೇ. "ನಾಲ ಹೊಡಿಯೂದು ಎಲ್ಲಾರ ಮುಂದ. ರೇಟಿಗ್ಯಾಕ ಟವೆಲ್?"

ಆ ಧ್ವನಿಯೇ ಹೋಯಿತು. ಗಂಟಲಲ್ಲಿ ಗಡ್ಡೆ ಎಂದರು. ಸೊಲ್ಲಾಪುರದಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ನೋಡಲು ಹೋದಾಗ ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಅಂಗಳದಲ್ಲಿ ಕುಳಿತು ಉಳಿ ಮಸೆಯುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ಹೇಳಿದರು: "ಸಂತಿಗಿ ಹೊಂಟಾರ. ನಾ ಹೇಳಿದ್ರ ಕೇಳಂಗಿಲ್ಲ, ನೀನರ ಹೇಳಪ್ಪಾ." ನಾನು ಬಾಯಿ ತೆರೆಯುವ ಮೊದಲೇ ಕಾಕಾ ಬೆರಳು ನನ್ನತ್ತ ತೋರಿಸಿ, ಆಮೇಲೆ ತಮ್ಮ ಬಾಯಿ ಮುಟ್ಟಿಕೊಂಡರು. ಅರ್ಥ ಸ್ಪಷ್ಟವಿತ್ತು: ನೀನು ಬಾ, ನೀನೇ ನನ್ನ ಬಾಯಿ.

ಸ್ವಂತ ಬಾಡಿಗೆ ಹೇಳಲಾರದವನನ್ನು ಬಾಯಿ ಮಾಡಿಕೊಂಡ ಮನುಷ್ಯನ ಧೈರ್ಯ ನೋಡಿ.

ಸಂತೆಯಲ್ಲಿ ಸುದ್ದಿ ಮೊದಲೇ ಹಬ್ಬಿತ್ತು. ಕಾಕಾನ ಕೆಲಸ ಮುಗಿಯಿತು ಎಂದು ತಿಳಿದು ಸೊಲ್ಲಾಪುರ ಕಡೆಯ ಬೇರೊಬ್ಬ ನಾಲಿನವನು ಸಂತೆಯ ಆ ತುದಿಗೆ ಬಂದು ಕುಳಿತಿದ್ದ. ಆ ದಿನ ಕಾಕಾನ ಮುಂದೆ ಗಿರಾಕಿ ನಿಲ್ಲದಿದ್ದರೆ ಮುಂದೆಂದೂ ನಿಲ್ಲುವುದಿಲ್ಲ ಎಂಬುದು ಕಾಕಾನಿಗೂ ನನಗೂ ಗೊತ್ತಿತ್ತು. ಬಹಳ ಹೊತ್ತಿನ ಮೇಲೆ ಚಡಚಣ ಕಡೆಯ ಗೌಡರೊಬ್ಬರು, ಗಾಡಿ ಷರತ್ತಿಗೆ, ಅಂದರೆ ಓಟದ ಪಂದ್ಯಕ್ಕೆ, ಓಡಿಸುವ ಕೆಂದು ಕುದುರೆ ಹಿಡಿದುಕೊಂಡು ಬಂದರು. ಜೊತೆಗೊಬ್ಬ ದಲಾಲ.

ಕುದುರೆಯನ್ನು ನಡೆಸಿದ್ದಾಯಿತು. ಅದರ ಕಿವಿಗಳು ಹಿಂದಕ್ಕೆ ಅಂಟಿದ್ದವು, ಒದೆಯುವ ಕುದುರೆಯ ಗುರುತು. ದಲಾಲ ಮುಂದೆ ಬಂದು ಕಾಕಾನ ಕೈಮೇಲೆ ಟವೆಲ್ ಹಾಕಿದ. "ಮಾತ ಹೋದ್ರ ಏನಾತು ಕಾಕಾ, ಬೆರಳ ಅದಾವಲ್ಲ. ಹಿಡೀರಿ."

ಕಾಕಾ ಕೈ ಹೊರಗೆಳೆದು, ಟವೆಲ್ಲನ್ನು ಮಡಚಿ ಅವನ ಹೆಗಲಿಗೇ ಹಾಕಿದರು. ಎರಡೂ ಕೈ ಎತ್ತಿ ಏಳು ಬೆರಳು ತೋರಿಸಿ ನನ್ನ ಕಡೆ ನೋಡಿದರು.

ನಾನು ಗೌಡರ ಮುಖ ನೋಡಿದೆ. ಇವರು ಆ ತುದಿಗೆ ಹೋದರೆ? ಕಾಕಾ ಇವತ್ತೇ ಚೀಲ ಕಟ್ಟಬೇಕಾದರೆ? ನನ್ನ ಬಾಯಿಂದ ಹೊರಬಿತ್ತು: "ಆರ ನೂರ್ರಿ."

ಕಾಕಾ ಬಗ್ಗಿ ಸುತ್ತಿಗೆ ಎತ್ತಿಕೊಂಡರು. ನನ್ನ ತಲೆಗೇ ಬರುತ್ತದೆ ಎಂದುಕೊಂಡೆ. ಅವರು ಅದನ್ನು ನಾಲು ಬಡಿಯುವ ಕಬ್ಬಿಣದ ಅಡಿಗಲ್ಲಿನ ಮೇಲೆ ಹೊಡೆದರು. ಒಂದು, ಎರಡು, ಮೂರು. ಏಳನೆಯ ಏಟಿನ ಹೊತ್ತಿಗೆ ಅರ್ಧ ಸಂತೆ ನಮ್ಮ ಕಡೆ ತಿರುಗಿತ್ತು.

"ಏಳ ನೂರು" ಎಂದೆ.

"ಕೇಳಸಲಿಲ್ಲ" ಎಂದ ದಲಾಲ, ಬೇಕೆಂದೇ.

"ಏಳ ನೂರ್ರಿ," ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ, "ಕಬ್ಬಿಣಕ್ಕ, ಮೊಳಿಗಿ, ಕಾಕಾನ ನಡಕ್ಕ ಕೂಡಿ ಆರು. ಒದಿಯೂ ಕುದುರಿಗಿ ಮ್ಯಾಲೊಂದು."

"ನಮ್ಮ ಕುದುರಿ ಒದಿಯಂಗಿಲ್ಲ" ಎಂದರು ಗೌಡರು, ಮುಖ ಬಿಗಿದು.

"ಒದೀಲಿಲ್ಲಂದ್ರ ನೂರು ವಾಪಸ್ರಿ. ಇಲ್ಲೇ, ಎಲ್ಲಾರ ಮುಂದ."

ಗೌಡರು ಕಾಕಾನ ಕೊರಳಿನ ಬಟ್ಟೆ ನೋಡಿದರು. ಆಮೇಲೆ ಹಗ್ಗವನ್ನು ತಾವೇ ಹಿಡಿದರು. "ಹೊಡೀರಿ."

ಮೊಳೆಗಳು ಬಾಯಿಗೆ ಹೋದವು. ದನ ಮಾರಲು ಬಂದವರೆಲ್ಲ ಕುದುರೆ ಒದೆಯುತ್ತದೋ ಇಲ್ಲವೋ ನೋಡಲು ಸುತ್ತ ನೆರೆದರು. ಕೆಲವರು ಒದೆಯಲಿ ಎಂದೇ ಕಾಯುತ್ತಿದ್ದರೆಂದು ನನಗೆ ಅನುಮಾನ. ಕಾಕಾ ಅದರ ಭುಜಕ್ಕೆ ಹೆಗಲು ಒತ್ತಿ, ಕೈಯನ್ನು ಕೆಳಗೆ ಜಾರಿಸುತ್ತ ಕಾಲು ಎತ್ತಿದರು. ನಾಲ್ಕು ಕಾಲು ಮುಗಿಯುವವರೆಗೆ ಕುದುರೆ ಬಾಲ ಬಿಟ್ಟು ಬೇರೇನೂ ಆಡಿಸಲಿಲ್ಲ. ಕಾಕಾ ಏಳು ನೂರು ಎಣಿಸಿಕೊಂಡು, ಒಂದು ನೂರರ ನೋಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಗೌಡರ ಕೈಗಿಟ್ಟರು. ಗೌಡರು ಆ ನೋಟನ್ನು ಜೇಬಿಗೆ ಹಾಕದೆ ಸಂತೆಯಲ್ಲೆಲ್ಲ ಹಿಡಿದುಕೊಂಡು ತಿರುಗಿದರು, ತಮ್ಮ ಕುದುರೆಯ ನಡತೆಗೆ ಸಿಕ್ಕ ಬಹುಮಾನದಂತೆ. ಸಂತೆ ಮುಗಿಯುವುದರೊಳಗೆ ತೊಟ್ಟಿಯ ಬಳಿ ಇನ್ನೂ ಮೂವರು ಕುದುರೆ ಹಿಡಿದು ನಿಂತಿದ್ದರು.

ಬಸ್ಸಿನಲ್ಲಿ ನಾನು ತಡೆಯಲಾರದೆ ಕೇಳಿದೆ: "ಕಾಕಾ, ಕಡೀಕ ಆರ ನೂರ ಆತಲ್ಲ. ನಾ ಹೇಳಿದ್ದು ಅಷ್ಟ." ಅವರು ಚೀಲದಿಂದ ಗೊರಸು ಉಜ್ಜುವ ಕಾನಸು ತೆಗೆದು ನನ್ನ ಮೊಣಕಾಲಿಗೆ ಮೆಲ್ಲಗೆ ಬಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿ ಅರ್ಧ ಬಾಯಲ್ಲಿ ನಕ್ಕರು. ನಾನು ಬಿಟ್ಟುಕೊಟ್ಟ ನೂರಕ್ಕೂ ಅವರು ಮರಳಿಸಿದ ನೂರಕ್ಕೂ ಏನು ವ್ಯತ್ಯಾಸ ಎಂಬುದು ಇಂಡಿ ಬರುವಷ್ಟರಲ್ಲಿ ನನಗೆ ತಿಳಿದಿತ್ತು.

ಮುಂದಿನ ಎರಡು ಮದುವೆ ಸೀಜನ್ ಅವರು ಕೈ ಎತ್ತಿದರು, ನಾನು ಕೂಗಿದೆ. ಗಡ್ಡೆ ಮತ್ತೆ ಬಂತು. ಈ ಸಲ ಅದು ಹೋಗಲಿಲ್ಲ, ಕಾಕಾ ಹೋದರು. ಮಣ್ಣಿಗೆ ನಾಲ್ಕೂ ಊರಿನ ಕುದುರೆಯವರು ಬಂದಿದ್ದರು. ಚಡಚಣದ ಗೌಡರೂ ಇದ್ದರು.

ಕಳೆದ ತಿಂಗಳು ನನ್ನ ಕುದುರೆಗೆ ನಾಲ ಹೊಡೆಯಲು ಆ ಸೊಲ್ಲಾಪುರದವನನ್ನೇ ಕರೆಸಿದೆ. ಕೆಲಸ ಚೆನ್ನಾಗಿ ಬಲ್ಲವನು. "ಎಷ್ಟ ತಗೋತೀರಿ?" ಎಂದೆ. "ಅದೇನ ದೊಡ್ಡ ಮಾತ್ರಿ, ಆಮ್ಯಾಲ ತಿಳದ ಕೊಡ್ರಿ" ಎಂದು ಬಗ್ಗಿ ಕಾಲು ಹಿಡಿದ. ಕುದುರೆ ಕಾಲು ಕೊಡಲಿಲ್ಲ. ತಟ್ಟಿದ, ಪುಸಲಾಯಿಸಿದ, ಒತ್ತಿ ಎಳೆದ. ಅದು ನೆಲಕ್ಕೆ ನೆಟ್ಟ ಕಂಬದಂತೆ ನಿಂತು ನನ್ನನ್ನೇ ನೋಡುತ್ತಿತ್ತು.

"ಏಳ್ರಿ ಮ್ಯಾಲ," ಎಂದೆ. "ಮೊದಲ ನಡಿಸ್ತೇನಿ. ನೋಡಿ ರೇಟ ಹೇಳ್ರಿ. ಓಣಿಗೆಲ್ಲ ಕೇಳೂವಂಗ ಹೇಳ್ರಿ."

ಅವನು ನನ್ನನ್ನು ವಿಚಿತ್ರವಾಗಿ ನೋಡಿ ನಕ್ಕ. ಆದರೂ ಕುದುರೆ ನಡೆದದ್ದನ್ನು ನೋಡಿದ, ಎದ್ದು ನಿಂತ, ಹೇಳಿದ. ನನಗೆ ಅದು ಹೆಚ್ಚೆನಿಸಲಿಲ್ಲ. ಒಪ್ಪಿದೆ, ನಾನೂ ಗಟ್ಟಿಯಾಗಿಯೇ.

ಕುದುರೆ ಮುಂಗಾಲು ಎತ್ತಿತು.