ದನಗಳು ಯಾವ ದಿಕ್ಕಿಗೆ ನಿಲ್ಲುತ್ತವೆ

ಎಂ.ಎಸ್ಸಿ. ಮುಗಿಸಿ ಊರಿಗೆ ಬಂದ ವರ್ಷ ಒಂದು ಕಾಲೇಜಿಗೆ ಉಪನ್ಯಾಸಕಿಯ ಸಂದರ್ಶನಕ್ಕೆ ಹೋಗಿದ್ದೆ. ಹತ್ತು ನಿಮಿಷ ಪಾಠ ಮಾಡಿ ತೋರಿಸಬೇಕಿತ್ತು. ಏಳು ನಿಮಿಷ ಎಲ್ಲ ಸರಿಯಾಗಿತ್ತು. ಆಗ ಎದುರಿಗೆ ಕುಳಿತವರೊಬ್ಬರು ನನಗೆ ಉತ್ತರ ತಿಳಿಯದ ಪ್ರಶ್ನೆ ಕೇಳಿದರು. ಗೊತ್ತಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅದನ್ನೂ ಹೇಳಲಾಗದೆ ಸೀಮೆಸುಣ್ಣ ಹಿಡಿದು ನಿಂತುಬಿಟ್ಟೆ. ಉಳಿದ ಮೂರು ನಿಮಿಷ ನನ್ನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ.

ನಮ್ಮೂರು ಯರಗುಪ್ಪಿಗೆ ಮರಳುವ ಬಸ್ಸಿನಲ್ಲೇ ತೀರ್ಮಾನಿಸಿದೆ. ಮುಂದಿನ ಸಂದರ್ಶನ ಬರುವವರೆಗೆ ದಿನಕ್ಕೆ ಹತ್ತು ನಿಮಿಷ ಜನರೆದುರು ಮಾತನಾಡಬೇಕು. ಯಾಕೆಂದು ಯಾರಿಗೂ ಹೇಳಬೇಕಿಲ್ಲ.

ಅದು ಮೆಣಸಿನಕಾಯಿಯ ಕಾಲ. ಮಧ್ಯಾಹ್ನ ನಮ್ಮ ಅಂಗಳದಲ್ಲಿ ಐದಾರು ಹೆಂಗಸರು ಒಣಗಿದ ಕಾಯಿಯ ತೊಟ್ಟು ಮುರಿಯುತ್ತ ಕೂರುತ್ತಿದ್ದರು. ಅಪ್ಪನ ಅಣ್ಣನ ಹೆಂಡತಿ, ನನ್ನ ದೊಡ್ಡವ್ವ, ಅವರ ಮುಂದಾಳು. ನಾನು ಘಾಟಿಗೆ ಮೂಗಿಗೆ ಓಢಣಿ ಸುತ್ತಿಕೊಂಡು ಮೂಲೆಯಲ್ಲಿ ಸುಮ್ಮನಿರುವವಳು. ಸ್ವಂತದ ವಿಷಯ ಮಾತನಾಡಿ ಅಭ್ಯಾಸವಿಲ್ಲ. ಹಾಗಾಗಿ ಬೆಳಿಗ್ಗೆ ಫೋನಿನಲ್ಲಿ ಹುಡುಕಿ ಒಂದು ವಿಚಿತ್ರ ಸಂಗತಿ ಆರಿಸಿಟ್ಟುಕೊಂಡು, ಮಧ್ಯಾಹ್ನ ಅವರಿಗೆ ಹೇಳತೊಡಗಿದೆ.

ಆಸ್ಟ್ರೇಲಿಯಾದಲ್ಲಿ ಒಂದು ಪ್ರಾಣಿ ಚೌಕ ಚೌಕವಾಗಿ ಹಿಕ್ಕೆ ಹಾಕುತ್ತದೆ ಎಂದು ಚಿತ್ರ ತೋರಿಸಿದ ದಿನ, ಬಾಜು ಮನೆಯಾಕೆ ಕಾಯಿ ಕೆಳಗಿಟ್ಟಳು. "ಅದನ್ನ ನಮ್ಮ ಎಮ್ಮಿಗೆ ಕಲಿಸಬೇ ತಂಗಿ. ಸಗಣಿ ಕುಳ್ಳ ಬಡಿಯೂದರ ತಪ್ಪತೈತಿ."

ನೀರುನಾಯಿಗಳು ಸಮುದ್ರದಲ್ಲಿ ತೇಲಿಹೋಗದಂತೆ ಒಂದರ ಕೈ ಒಂದು ಹಿಡಿದು ಮಲಗುತ್ತವೆ ಎಂದಾಗಲೂ ಆಕೆಯೇ. "ನಮ್ಮ ಮನಿಯವರು ಕೌದಿ ಹಿಡಕೊಂಡು ಮಲಗ್ತಾರವಾ. ಜಗ್ಗಿದ್ರೂ ಬಿಡಂಗಿಲ್ಲ."

ಎರಡು ವಾರ ಹೀಗೇ ನಡೆಯಿತು. ಎರಡನೆಯ ಸಂದರ್ಶನದ ಪತ್ರವೂ ಬಂತು. ಹನ್ನೆರಡು ದಿನ ಬಾಕಿ ಇರುವಾಗ ನಾನು ದನಗಳ ಸುದ್ದಿ ತೆಗೆದೆ. ಭೂಮಿಯ ಅಯಸ್ಕಾಂತ ಶಕ್ತಿ ದನಗಳಿಗೆ ತಿಳಿಯುತ್ತದಂತೆ, ಮೇಯುವಾಗ ಉತ್ತರ ದಕ್ಷಿಣವಾಗಿ ನಿಲ್ಲುತ್ತವಂತೆ, ಆಕಾಶದಿಂದ ತೆಗೆದ ಚಿತ್ರಗಳಲ್ಲಿ ನೋಡಿದ್ದಾರಂತೆ ಎಂದೆ.

ಯಾರೂ ನಗಲಿಲ್ಲ. ನೀರುನಾಯಿಯನ್ನು ಅವರು ಕಂಡಿರಲಿಲ್ಲ. ದನ ಹಾಗಲ್ಲ.

"ಯಾರ ದನ?" ದೊಡ್ಡವ್ವ ಕೇಳಿದಳು.

"ಬ್ಯಾರೆ ದೇಶದ್ದು."

"ನಮ್ಮ ದನ ನೋಡ್ಯಾರೇನು?"

"ಇಲ್ಲ."

"ಹಂಗಾರ ನೀ ನೋಡಿ ಬಾ. ಅಲ್ಲೀತನಕ ಕತಿ ಬ್ಯಾಡ. ಖರೇ ಇದ್ರ ಮತ್ತ ಕೇಳ್ತೇವಿ. ಇಲ್ಲಂದ್ರ ಆ ಫೋನು ಬಂದ್. ನಮಗ ನಮ್ಮ ಧಾರಾವಾಹಿ ಸುದ್ದೀನ ಸಾಕು."

ಇವರು ಕೇಳದಿದ್ದರೆ ಮಾತನಾಡಲು ನನಗೆ ಬೇರೆ ಜನರಿರಲಿಲ್ಲ. ಮರುದಿನ ನಾಲ್ಕು ಗಂಟೆಗೆ ಫೋನಿನ ದಿಕ್ಸೂಚಿ, ನೋಟುಬುಕ್ಕು ಹಿಡಿದು ಊರ ಪಡುವಣಕ್ಕಿರುವ ಹೊಲಗಳಿಗೆ ಹೋದೆ. ಜೋಳ ಕೊಯ್ದಾಗಿತ್ತು. ಕೂಳೆಯಲ್ಲಿ ದನ ಬಿಚ್ಚಿ ಬಿಟ್ಟಿದ್ದರು. ದನ ಕಾಯುವ ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನವಾ, ದನ ಎಣಸಾಕ ಸರಕಾರದಿಂದ ಬಂದಿಯೇನು?"

"ದೊಡ್ಡವ್ವ ಕಳಿಸ್ಯಾಳ್ರಿ."

"ಹಂಗಾರ ಎಣಸು," ಎಂದು ಟವೆಲ್ಲು ತಲೆಗೆ ಸುತ್ತಿಕೊಂಡರು.

ದಿಕ್ಕಿಗೊಂದು ಕಾಲಮ್ಮು ಮಾಡಿ, ಒಂದೊಂದು ದನಕ್ಕೆ ಒಂದೊಂದು ಗೆರೆ ಎಳೆದೆ. ನಾಲ್ಕು ದಿನದ ಗೆರೆಗಳು ಹೆಚ್ಚೂಕಡಿಮೆ ಒಂದೇ ಕಡೆ ಸೇರಿದವು. ಉತ್ತರವಲ್ಲ, ದಕ್ಷಿಣವೂ ಅಲ್ಲ, ಮೂಡಣ. ಐದನೆಯ ದಿನ ಕಾಕಾನನ್ನೇ ಕೇಳಿದೆ.

"ಊರು ಯಾವ ಕಡೆ ಐತಿ?" ಎಂದರು.

ಮೂಡಣಕ್ಕೆ ಇತ್ತು.

"ಐದಕ್ಕ ಮನ್ಯಾಗ ಹಿಂಡಿ, ನೀರು. ನಾಕಕ್ಕ ಮಾರಿ ತಿರಗಸ್ತಾವ. ನಿನ್ನ ಫೋನಿಗೆ ಇದು ಗೊತ್ತಿಲ್ಲೇನು?"

ಮುಂದಿನ ಎರಡು ದಿನ ಬೆಳಿಗ್ಗೆ ಹತ್ತಕ್ಕೆ ಹೋದೆ. ಯಾವುದೂ ಒಂದು ದಿಕ್ಕು ಹಿಡಿದಿರಲಿಲ್ಲ. ಓರೆಯಾಗಿ ನಿಂತ ಹತ್ತಾರನ್ನು ಉತ್ತರಕ್ಕೆ ಸೇರಿಸಿದ್ದರೆ ಲೆಕ್ಕ ಬೇಕಾದಂತೆ ಕೂರುತ್ತಿತ್ತು. ಪೆನ್ನು ಆ ಕಾಲಮ್ಮಿನ ಹತ್ತಿರ ಹೋದದ್ದು ನಿಜ. ಬರೆಯಲಿಲ್ಲ.

ಅಂದು ಮಧ್ಯಾಹ್ನ ಅಂಗಳದಲ್ಲಿ ಹೇಳಿದೆ. "ನಮ್ಮ ದನ ಹಂಗ ನಿಲ್ಲಂಗಿಲ್ಲ."

"ಮತ್ತ ಅವರ ದನ ಯಾಕ ನಿಲ್ತಾವ?" ದೊಡ್ಡವ್ವ ಕೈ ನಿಲ್ಲಿಸದೆ ಕೇಳಿದಳು.

 ಸಂದರ್ಶನದ ಕೋಣೆಯಲ್ಲಿ ಆದದ್ದೇ ಆಗುತ್ತಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೂಗಿನ ಮೇಲಿನ ಓಢಣಿ ಕೆಳಗೆ ಜಗ್ಗಿದೆ, ಘಾಟಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ ಹೇಳಿದೆ: "ಗೊತ್ತಿಲ್ಲ."

ಏನೂ ಆಗಲಿಲ್ಲ. ತೊಟ್ಟು ಮುರಿಯುವ ಸದ್ದು ನಡೆದೇ ಇತ್ತು.

"ನಾ ನೋಡಿದ್ದು ಒಂದ ಊರಿನ ದನ, ಏಳ ದಿನ," ಎಂದು ಮುಂದುವರಿಸಿದೆ. "ಅಷ್ಟಕ್ಕ ಅವರದು ಸುಳ್ಳು ಅನ್ನಾಕೂ ಬರಂಗಿಲ್ಲ. ಸಂಜಿಕ ಮಾತ್ರ ನಮ್ಮವು ಊರ ಕಡೆ ಮಾರಿ ಮಾಡ್ತಾವ."

"ಅದು ನನಗ ಮದಲ ಗೊತ್ತಿತ್ತು," ಎಂದಳು ದೊಡ್ಡವ್ವ.

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹೊರಗ ಬೀಳ್ತಿದ್ದೇನು?"

"ಸೋತಳು, ಸೋತಳು! ಫೋನ್ ಬಂದ್!" ಬಾಜು ಮನೆಯಾಕೆ ಕೂಗಿದಳು. ಮಾತು ಮಾತೇ. ಫೋನನ್ನು ಒಳಗೆ ಇಟ್ಟು ಬಂದು ನನ್ನ ಮೂಲೆಯಲ್ಲಿ ಕುಳಿತೆ.

ದೊಡ್ಡವ್ವ ಒಂದು ಹಿಡಿ ಕಾಯಿ ನನ್ನ ಮುಂದೆ ಸುರಿದಳು. "ಫೋನ್ ಬಂದ್ ಅಂದೆ, ಬಾಯಿ ಬಂದ್ ಅನ್ನಲಿಲ್ಲ. ಏಳ ದಿನ ಹೊಲದಾಗ ನಿಂತು ಬಂದಿ. ಏನೇನು ಕಂಡಿ ಹೇಳು."

ನೋಟುಬುಕ್ಕು ತೆರೆದೆ. ಗೆರೆಗಳ ಬದಿಯಲ್ಲಿ ಬೇರೆಯದನ್ನೂ ಬರೆದಿದ್ದೆ. ಒಂದು ಕರು ತಾಯಿಯನ್ನು ಬಿಟ್ಟು ದಿನವೂ ಅದೇ ಕುಂಟ ಎತ್ತಿನ ನೆರಳಲ್ಲಿ ಮಲಗುವುದನ್ನು ಹೇಳಿದೆ. ಎತ್ತು ಯಾರದೆಂಬ ವಾದ ಎದ್ದಿತು. ಹತ್ತು ನಿಮಿಷ ಎಂದೋ ದಾಟಿತ್ತು. ಸಂದರ್ಶನಕ್ಕೆ ಉಳಿದಿದ್ದ ಐದು ದಿನವೂ ಫೋನಿಲ್ಲದೆ ಹೇಳಿದೆ, ಬೆಳಿಗ್ಗೆ ಹೊಲಕ್ಕೆ ಹೋಗಿ ಕಂಡದ್ದನ್ನು.

ಎರಡನೆಯ ಸಂದರ್ಶನದಲ್ಲಿ ಆರನೆಯ ನಿಮಿಷಕ್ಕೇ ನನಗೆ ತಿಳಿಯದ ಪ್ರಶ್ನೆ ಬಂತು. "ಗೊತ್ತಿಲ್ಲ," ಎಂದೆ. "ಗೊತ್ತಿರುವುದು ಎಲ್ಲಿಯವರೆಗೆ ಎಂಬುದನ್ನು ಹೇಳುತ್ತೇನೆ," ಎಂದು ಹಲಗೆಯ ಕಡೆ ತಿರುಗಿ ಬರೆಯತೊಡಗಿದೆ. ಅವರು ಸಮಯ ಮುಗಿಯಿತು ಎನ್ನುವವರೆಗೂ ನಿಲ್ಲಿಸಲಿಲ್ಲ.