ಹೆಸರು ಹಿಡಿದು ಕರೆದದ್ದು ನಾನಲ್ಲ

ನಾನು ಮೀನು ಮಾರುವ ಹೆಂಗಸು. ನಿನ್ನೆಯ ಮೀನನ್ನು ಇವತ್ತಿನದೆಂದು ರಾಣೆಬೆನ್ನೂರಿನ ಸಂತೆಯಲ್ಲಿ ಎಷ್ಟೋ ಸಲ ಮಾರಿದ್ದೇನೆ. ಆ ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ. ಈಗ ಬರೆಯುತ್ತಿರುವುದು ಮಾತ್ರ ಸುಳ್ಳಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಕಥೆ ಕಟ್ಟಲು ನನಗೆ ಬರುವುದಿಲ್ಲ.

ಹೋದ ಚಳಿಗಾಲದ ಮಾತು. ಕುಪ್ಪೇಲೂರಿನ ಆಚೆಯ ಕೆರೆಯಲ್ಲಿ ನನ್ನ ಯಜಮಾನರು ಬಾಳೆಮೀನು ಹಿಡಿಯುತ್ತಾರೆ. ಬಾಯಿ ತುಂಬ ಹಲ್ಲು, ಮೇಲೆ ಮೀಸೆ, ಗಂಡಸಿನ ತೋಳಿನಷ್ಟು ದಪ್ಪ. ಸತ್ತದ್ದನ್ನು ಅದು ಮೂಸಿಯೂ ನೋಡುವುದಿಲ್ಲ. ಬೆರಳುದ್ದದ ಮರಿಮೀನಿನ ಬೆನ್ನಿಗೆ ಗಾಳ ಚುಚ್ಚಿ, ಜೀವ ಇರುವಾಗಲೇ ನೀರಿಗೆ ಬಿಡಬೇಕು. ಸಂಜೆ ಬಿಟ್ಟ ಗಾಳಗಳನ್ನು ನಸುಕಿನಲ್ಲಿ ಎತ್ತಬೇಕು. ಅವರು ಲಾರಿ ಟ್ಯೂಬಿನ ಮೇಲೆ ಕುಳಿತು, ಎರಡೂ ಕೈಗೆ ಹಳೆಯ ರಬ್ಬರ್ ಚಪ್ಪಲಿ ಹಾಕಿಕೊಂಡು ನೀರು ತಳ್ಳುತ್ತ ಹೋಗುತ್ತಾರೆ. ನಾನು ದಂಡೆಯ ಮೇಲೆ ಮರಿಮೀನಿನ ಕೊಡ ಕಾಯುತ್ತ, ಬ್ಯಾಟರಿಯ ಬೆಳಕು ಬಿಡುತ್ತ ಕೂರುತ್ತೇನೆ. ನನಗೆ ಈಜು ಬರುವುದಿಲ್ಲ.

ಇನ್ನೊಂದು ಹೇಳಬೇಕು. ನಾನು ಗಂಡನ ಹೆಸರು ಹೇಳುವವಳಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳಿದ್ದಳು. ಮದುವೆಯಲ್ಲಿ ಒಡಪಿನ ಹಾಡು ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳು ಎಂದು ಹೆಂಗಸರೆಲ್ಲ ಗಂಟುಬಿದ್ದಾಗ ಕೆಮ್ಮು ಬಂದವಳಂತೆ ಮಾಡಿ ತಪ್ಪಿಸಿಕೊಂಡೆ. ದವಾಖಾನೆಯಲ್ಲಿ ಚೀಟಿ ಮಾಡಿಸುವಾಗ ಪಕ್ಕದಲ್ಲಿದ್ದವರಿಂದ ಹೇಳಿಸುತ್ತೇನೆ. ಇಲ್ಲಿಯೂ ಬರೆಯುವುದಿಲ್ಲ.

ಅವರಿಗೆ ಅದೇ ಒಂದು ಕೊರತೆ. ಅವತ್ತು ನಸುಕಿನಲ್ಲಿ ಗಾಳ ಎತ್ತಲು ಟ್ಯೂಬು ನೀರಿಗಿಳಿಸುವಾಗಲೂ ಕೆಣಕಿದರು.

"ನಾ ಮುಳುಗಿದ್ರ ಏನಂತ ಒದರ್ತಿ? 'ಏನ್ರೀ' ಅಂದ್ರ ಊರಾಗಿನ ಗಂಡಸರೆಲ್ಲ 'ಓ' ಅಂತಾರ."

"ಯಾಕ ಒದರ್ಲಿ? ಮನಿಗೆ ಹೋಗಿ ಮಲಗ್ತೇನಿ. ಲಗೂ ಹೋಗ್ರಿ, ಮೀನ ಹಗ್ಗ ಕಡಕೊಂಡು ಹೋದಾವು."

"ಸಾಯೂದ್ರೊಳಗ ಒಮ್ಮೆರ ಹೆಸರು ಹಿಡದು ಕರಿಯೇ, ಹುಚ್ಚಿ..." ಎಂದು ನಗುತ್ತ ಹೋದರು.

ಸ್ವಲ್ಪ ಹೊತ್ತಿಗೆ ಮಂಜು ಇಳಿಯಿತು. ಬ್ಯಾಟರಿ ಬಿಟ್ಟರೆ ಬಿಳಿ ಗೋಡೆಗೆ ಬಡಿದಂತೆ ಬೆಳಕು ಅಲ್ಲೇ ನಿಂತಿತು. ಕೊಳೆತ ಜೊಂಡಿನ ವಾಸನೆ ಮೂಗಿಗೆ ಹತ್ತಿತು.

ಎಡಗಡೆ ಕೆರೆಯೊಳಗೇ ಒಂದು ಹಳೆಯ ಬಾವಿ ಮುಳುಗಿದೆ. ಅದರ ಕಲ್ಲಿನ ಕಟ್ಟೆ ಮಾತ್ರ ನೀರಿನ ಮೇಲೆ ಕಾಣುತ್ತದೆ. ಸುತ್ತ ಜೊಂಡು. ಕಾಲು ಸಿಕ್ಕಿತೆಂದರೆ ಈಜು ಬಲ್ಲವನೂ ಏಳುವುದಿಲ್ಲ. ಹಗಲಲ್ಲೂ ಅತ್ತ ಯಾರೂ ಹೋಗುವುದಿಲ್ಲ. ಈ ಮಂಜಿನಲ್ಲಿ ಅವರಿಗೆ ದಾರಿ ಎಂದರೆ ನನ್ನ ದನಿಯೊಂದೇ.

"ಏನ್ರೀ... ಈ ಕಡಿ ಬರ್ರೀ..."

"ಓ... ಬರಾಕತ್ತೇನಿ..."

ಚಪ್... ಚಪ್... ಚಪ್ಪಲಿ ನೀರಿಗೆ ಬಡಿಯುವ ಸದ್ದು ಹತ್ತಿರವಾಗುತ್ತ ಬಂತು. ಕೊಡದಲ್ಲಿ ಮರಿಮೀನುಗಳು ಪಟಪಟ ಹೊರಳುತ್ತಿದ್ದವು. ಇದ್ದಕ್ಕಿದ್ದಂತೆ ಸುಮ್ಮನಾದವು.

ಆಗ ಬಾವಿಯ ಕಡೆಯಿಂದ ಯಾರೋ ಅವರ ಹೆಸರು ಹಿಡಿದು ಕರೆದರು.

ದನಿ ನನ್ನದು. ಒಡೆದ ಗಂಟಲು, ಕೊನೆಗೆ ಎಳೆಯುವ ರಾಗ, ಎಲ್ಲ ನನ್ನದೇ. ನಾನು ಬಾಯಿ ಮುಚ್ಚಿಕೊಂಡೇ ಕುಳಿತಿದ್ದೆ.

ಚಪ್ ಚಪ್ ನಿಂತಿತು. ನೀರಿನ ಮೇಲಿಂದ ಅವರ ನಗು ಕೇಳಿಸಿತು. "ಕಡೀಕೂ ಕರದ್ಯಲ್ಲ! ಬಂದೆ ತಡಿ, ಬಂದೆ..."

ಸದ್ದು ಬಾವಿಯ ಕಡೆಗೆ ತಿರುಗಿತು.

"ಅದು ನಾನಲ್ಲ! ನಾ ಇಲ್ಲಿ ಅದೀನ್ರೀ!" ಎಂದು ಅರಚಿದೆ.

"ಅದು ನಾನಲ್ಲ... ನಾ ಇಲ್ಲಿ ಅದೀನ್ರೀ..." ಅತ್ತಲಿಂದಲೂ ಬಂತು. ಅರಚಲಿಲ್ಲ ಅದು. ಮೆತ್ತಗೆ ಹೇಳಿತು. ಹೇಳಿ, ಮತ್ತೆ ಅವರ ಹೆಸರು ಸೇರಿಸಿತು.

ನಾನು ಏನು ಕೂಗಿದರೂ ಅದು ಅದನ್ನೇ ಕೂಗುತ್ತಿತ್ತು. ಉಳಿದದ್ದು ಒಂದೇ, ನಾನೂ ಹೆಸರು ಹಿಡಿದು ಕರೆಯುವುದು. ಬಾಯಿ ತೆರೆದೆ. ಮೊದಲ ಅಕ್ಷರ ನಾಲಿಗೆಯ ತುದಿಗೆ ಬಂತು. ಹೇಳಿದರೂ ಅವರ ಆಯುಷ್ಯ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ... ನಾಲಿಗೆ ಹೊರಳಲಿಲ್ಲ.

ನೀರಿಗಿಳಿದೆ. ಸೊಂಟದವರೆಗೆ ಹೋದ ಮೇಲೆ ಕೆಸರು ಕಾಲು ಹಿಡಿಯಿತು. ಮುಂದೆ ಹೋಗಲಾಗಲಿಲ್ಲ. ಅಲ್ಲೇ ನಿಂತು ಕೇಳಿದೆ. ಚಪ್... ಚಪ್... ದೂರವಾಯಿತು. ಆಮೇಲೆ ಅವರು ಯಾರ ಜೊತೆಗೋ ಸಣ್ಣಗೆ ಮಾತಾಡುವುದು ಕೇಳಿಸಿತು. ನಡುನಡುವೆ ನನ್ನ ನಗು ಕೇಳಿಸಿತು.

ಬೆಳಗಾಗಿ ಮಂಜು ಕರಗುವವರೆಗೆ ನಾನು ನೀರಿನಲ್ಲೇ ಇದ್ದೆ. ಅವರು ಬಾವಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದರು. ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಈಗ ಇಲ್ಲೇ ಕುಂತಿದ್ದಿ, ಅಲ್ಲಿಗೆ ಯಾವಾಗ ಹ್ವಾದಿ?"

ಅವರು ಟ್ಯೂಬಿನ ಮೇಲೆ ದಂಡೆಗೆ ಬಂದಾಗ ನೋಡಿದೆ. ಗಾಳದ ಹಗ್ಗಗಳನ್ನೆಲ್ಲ ಯಾರೋ ನೀಟಾಗಿ ಸುತ್ತಿ ಇಟ್ಟಿದ್ದರು. ನಾನು ಎಡಗೈಯವಳು. ಹಗ್ಗವೂ ನಾನು ಸುತ್ತುವ ಹಾಗೆ ಎಡಕ್ಕೇ ಸುತ್ತಿಕೊಂಡಿತ್ತು.

"ಇದನ್ನ ಯಾರು ಸುತ್ತಿದ್ರು?"

"ನೀನ ಸುತ್ತಿದ್ಯಲ್ಲ, ಏನ್ ಕೇಳ್ತಿ?"

ಎಲ್ಲ ಬಿಡಿಸಿ ಹೇಳಿದೆ. ನಕ್ಕರು. "ಹೆಸರು ಹೇಳಿದ್ದಕ್ಕ ನಾಚಿಕಿ ಬಂತೇನು, ಈ ವಯಸ್ಸಿನಾಗ?" ಆಣೆ ಮಾಡಿ ಹೇಳಿದರೂ ನಂಬಲಿಲ್ಲ. ಬರಬರುತ್ತ ದಿನಾ ಗಾಳ ಬಿಡಲು ಹೋಗತೊಡಗಿದರು. ಮೀನು ಸಿಕ್ಕರೂ ಖುಷಿ, ಸಿಗದಿದ್ದರೂ ಖುಷಿ. ಎತ್ತಿದ ಮೇಲೂ ಸ್ವಲ್ಪ ಹೊತ್ತು ನೀರಿನ ಮೇಲೆ ಸುಮ್ಮನೆ ಕೂರುತ್ತಾರೆ. ಕಿವಿ ಬಾವಿಯ ಕಡೆಗಿರುತ್ತದೆ.

ಈ ವರ್ಷ ಮತ್ತೆ ಮಂಜು ಶುರುವಾಗಿದೆ. ಮೊನ್ನೆ ಅವರು ಟ್ಯೂಬು ಹೆಗಲಿಗೇರಿಸಿ ಹೊಸ್ತಿಲು ದಾಟುವಾಗ ನಾನು ಗಟ್ಟಿ ಮನಸ್ಸು ಮಾಡಿ ಅವರ ಹೆಸರು ಹಿಡಿದು ಕರೆದೆ. ಆಯುಷ್ಯ ಎಷ್ಟು ಕಡಿಮೆಯಾಗುತ್ತದೋ ಆಗಲಿ, ನನ್ನ ದನಿ ಯಾವುದೆಂದು ಅವರಿಗೆ ಗೊತ್ತಾಗಲಿ ಎಂದು ಕರೆದೆ.

ಅವರು ನಿಂತರು. ತಿರುಗಿ ನನ್ನ ಮುಖವನ್ನೇ ನೋಡಿದರು.

"ಅವತ್ತಿನಂಗ ಬರಲಿಲ್ಲ ಬಿಡು" ಎಂದು ಹೇಳಿ ಕೆರೆಯ ಕಡೆಗೆ ನಡೆದರು.